ಕೊಚೀಸ್‌ಗೆ ಕನ್ನಡ ಕೊಟ್ಟ ಬಗೆ: ನನ್ನ ಅನುಭವ

ಅಮೆರಿಕದ ಮೂಲನಿವಾಸಿಗಳಾದ ಅಪಾಚೆಗಳು ಮತ್ತು ಅವರ ನಾಯಕ ಕೊಚೀಸ್ ಮೇಲಿನ ಐತಿಹಾಸಿಕ ಕಾದಂಬರಿ ಕನ್ನಡದಲ್ಲಿ ಓಡುವುದಿಲ್ಲ ಎಂದು ಇಬ್ಬರು ಪ್ರಕಾಶಕರು ಹಸ್ತಪ್ರತಿ ಹಿಂದಿರುಗಿಸಿದರು. ಕೊನೆಗೆ ಕೈಯಿಂದ ದುಡ್ಡು ಹಾಕಿ 500 ಪ್ರತಿ ಅಚ್ಚು ಹಾಕಿಸಿದೆ. ಡೆಮಿ 1/8 ಅಳತೆ, ಸುಮಾರು 280 ಪುಟ, ಡಿ.ಟಿ.ಪಿ., ಮುಖಪುಟ ಎಲ್ಲ ಸೇರಿ 70 ಸಾವಿರದ ಆಸುಪಾಸು. ಒಂದೂವರೆ ವರ್ಷದಲ್ಲಿ 400ರ ಮೇಲೆ ಖರ್ಚಾದವು. ಅಂಗಡಿ ಕಮಿಷನ್ ಕಳೆದೂ ಅಸಲು ಬಂತು. ಪುಸ್ತಕವನ್ನು ದಡ ಮುಟ್ಟಿಸಿದ್ದು ಸಂಭಾಷಣೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಮೊದಲ ಕರಡಿನಲ್ಲಿ ಅಪಾಚೆಗಳು ಹಳೇ ಸಾಹಸಕಥೆಗಳ ಮುರುಕು ಕನ್ನಡ ಆಡುತ್ತಿದ್ದರು. ಎರಡನೆಯದರಲ್ಲಿ ಸೋಲಿಗರ ನುಡಿಯ ಲಯ ತಂದೆ. ಓದಿದವರಿಗೆ ಕಥೆ ನಡೆಯುವ ಅರಿಜೋನಾ ಮರೆತು ಬಿಳಿಗಿರಿರಂಗನ ಬೆಟ್ಟ ಕಂಡಿತು. ಎರಡೂ ಸೇರಿ ಐನೂರು ಪುಟ ರದ್ದಿಗೆ ಹೋಯಿತು. ಮೂರನೆಯ ಸಲ ಒಂದೇ ನಿಯಮ ಹಿಡಿದೆ: ತನ್ನ ಭಾಷೆಯಲ್ಲಿ ಮಾತಾಡುವವನಿಗೆ ಪೂರ್ತಿ ಮನೆಮಾತಿನ ಕನ್ನಡ, ದುಭಾಷಿಯ ಬಾಯಿಂದ ಬಂದದ್ದು, ಅದು ಯಾರ ಮಾತೇ ಆಗಿರಲಿ, ಮೊಟಕು. ಆ ಸೀಮೆಯಲ್ಲಿ ನಡುವಿನ ಭಾಷೆ ಸ್ಪ್ಯಾನಿಷ್. ಎರಡು ಬಾಯಿ ದಾಟುವಾಗ ಮೊದಲು ಉದುರುವುದು ಮರ್ಯಾದೆ, ಆಮೇಲೆ 'ಒಂದು ವೇಳೆ', 'ಆದರೆ'ಗಳು. ಹಾಗಾಗಿ ದುಭಾಷಿ ವಾಕ್ಯ ಐದು ಪದ ದಾಟಬಾರದು, ಬಹುವಚನ ಬೇಡ, ಕ್ರಿಯಾಪದಕ್ಕೆ ಬಾಲ ಬೇಡ.

ಇದರ ಫಲ ಕಂಡದ್ದು 1861ರ ಫೆಬ್ರವರಿಯ ಡೇರೆ ದೃಶ್ಯದಲ್ಲಿ. ಅಪಾಚೆ ಪಾಸ್ ಎಂಬ ಕಣಿವೆದಾರಿಯಲ್ಲಿ ಅಮೆರಿಕ ಸೇನೆಯ ಲೆಫ್ಟಿನೆಂಟ್ ಬ್ಯಾಸ್ಕಮ್ ಕೊಚೀಸ್‌ನನ್ನು ಕರೆಸಿ, ಜಾನ್ ವಾರ್ಡ್ ಎಂಬ ರೈತನ ಮನೆಯಿಂದ ಅಪಹರಣವಾದ ಹುಡುಗನನ್ನು ಕೇಳುತ್ತಾನೆ. ಮಾತು ದಾಟಿಸಲು ನಿಂತವನು ಅದೇ ವಾರ್ಡ್. ನನ್ನ ಪುಟದಲ್ಲಿ ಅವನು ಹೇಳುವುದು ಇಷ್ಟೇ: "ಹುಡುಗ ನಿನ್ನ ಹತ್ತಿರ. ಕೊಡು." ಕೊಚೀಸ್ ತಮ್ಮನತ್ತ ತಿರುಗಿ, "ಅವನು ನಮ್ಮವರ ಕೈಲಿಲ್ಲ ಕಣೋ. ಹತ್ತು ದಿನ ಬಿಟ್ಟರೆ ಯಾರ ಹತ್ತಿರ ಇದ್ದಾನೋ ಹುಡುಕಿಸ್ತೀನಿ ಅಂದ್ರೆ ಇವರಿಗೆ ಯಾಕೆ ತಿಳೀತಿಲ್ಲ?" ಎನ್ನುತ್ತಾನೆ. ಆಮೇಲೆ ಡೇರೆ ಸೀಳಿ ಓಡುತ್ತಾನೆ. ತಮ್ಮ ಕೊಯುಂತುರಾ ಸೆರೆಯಲ್ಲಿ ಉಳಿದು ನೇಣಿಗೇರುತ್ತಾನೆ. ವಿವರಣೆಯ ಒಂದು ಪ್ಯಾರಾ ಕೂಡ ಬೇಕಾಗಲಿಲ್ಲ. ದೃಷ್ಟಿಕೋನ ಡೇರೆಯ ಒಳಗಿನಿಂದ ಹೊರಕ್ಕೆ ಎಲ್ಲಿ ಜಿಗಿಯುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ. ಮುಂದಿನ ಪುಸ್ತಕಕ್ಕೆ ಬೇಕು.

ಆಚಾರಗಳಲ್ಲಿ ಎಡವಿದ್ದು ಹೆಚ್ಚು. ಅತ್ತೆ-ಅಳಿಯರನ್ನು ಒಂದೇ ಬೆಂಕಿಯ ಸುತ್ತ ಕೂರಿಸಿದ್ದೆ. ಕೊಚೀಸ್‌ನ ಬಣವಾದ ಚಿರಿಕಾವಾ ಅಪಾಚೆಗಳಲ್ಲಿ ಅಳಿಯ ಅತ್ತೆಯ ಕಣ್ಣಿಗೆ ಬೀಳಬಾರದಿತ್ತು. ಹನ್ನೆರಡು ಪುಟ ಮತ್ತೆ ಬರೆದೆ. ಸತ್ತವರ ಹೆಸರನ್ನೂ ಅವರು ಎತ್ತುತ್ತಿರಲಿಲ್ಲ. ಕೊಚೀಸ್‌ನ ಮಾವ ಮಂಗಾಸ್ ಕೊಲೊರಾದಾಸ್ 1863ರ ಜನವರಿಯಲ್ಲಿ ಸೈನಿಕರ ಸೆರೆಯಲ್ಲಿ ಕೊಲೆಯಾದ ಮೇಲೆ, ಅಪಾಚೆ ಅಧ್ಯಾಯಗಳಲ್ಲಿ ಆ ಹೆಸರು ಒಮ್ಮೆಯೂ ಬರದಂತೆ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದೆ.

ನಡುವೆ ಒಂದು ಪ್ರಯೋಗ. ಅಪಾಚೆಗಳು ಕತ್ತಾಳೆ ಜಾತಿಯ ಭೂತಾಳೆಯ ಗಡ್ಡೆಯನ್ನು ಕಾದ ಕಲ್ಲಿನ ಗುಂಡಿಯಲ್ಲಿ ಹೂತು ಬೇಯಿಸುತ್ತಿದ್ದರು. ನಮ್ಮ ಬೇಲಿಯ ಕತ್ತಾಳೆಗೆ ಕೈ ಹಾಕಬೇಡಿ, ರಸ ತಗುಲಿದರೆ ತುರಿಕೆ. ಗೆಣಸು ಹೂತು ನೋಡಿದೆ: ಮೂರಡಿ ಗುಂಡಿ, ಹೊಳೆಗಲ್ಲು, ಹಸಿಹುಲ್ಲು, ಮೇಲೆ ಮಣ್ಣು, ಒಂದು ರಾತ್ರಿ. ಹೊಳೆಯಿಂದ ಆಗಷ್ಟೇ ಎತ್ತಿದ ಕಲ್ಲು ಒಂದು ಸಿಡಿಯಿತು, ಹೊಳೆಗಲ್ಲು ಬಿಟ್ಟು ಒಣ ನೆಲದ ಕಲ್ಲನ್ನೇ ಹಾಕಿ. ಗುಂಡಿ ತೆರೆದಾಗಿನ ವಾಸನೆ ಕಾದಂಬರಿಯಲ್ಲಿ ಮೂರು ಸಾಲಾಯಿತು.

ಸ್ನೇಹದ ಭಾಗಕ್ಕೆ ಬೆರಳು ಕೊಯ್ದು ರಕ್ತ ಬೆರೆಸುವ ದೃಶ್ಯ ಬರೆದು ಹರಿದೆ. ಕೊಚೀಸ್ ಮತ್ತು ಅವನ ಬಿಳಿಯ ಗೆಳೆಯ ಟಾಮ್ ಜೆಫರ್ಡ್ಸ್ ನಡುವೆ ಅದು ನಡೆದ ದಾಖಲೆಯಿಲ್ಲ. ಅದರ ಬದಲು 1872ರ ಅಕ್ಟೋಬರ್ ಹಿಡಿದೆ. ಸಂಧಾನಕ್ಕೆ ಬಂದ, ಬಲಗೈ ಕಳೆದುಕೊಂಡ ಜನರಲ್ ಹೊವಾರ್ಡ್‌ನನ್ನು ಜೆಫರ್ಡ್ಸ್ ಕೊಚೀಸ್ ಇದ್ದ ಡ್ರಾಗೂನ್ ಬೆಟ್ಟಕ್ಕೆ ಕರೆತರುತ್ತಾನೆ. ಚದುರಿದ ಗುಂಪುಗಳ ನಾಯಕರು ಬರುವವರೆಗೆ ಹತ್ತು-ಹನ್ನೆರಡು ದಿನ ಎಲ್ಲರೂ ಕಾಯುತ್ತಾರೆ. ಆ ಕಾಯುವಿಕೆಗೇ 40 ಪುಟ ಕೊಟ್ಟೆ. ಜೆಫರ್ಡ್ಸ್‌ಗೆ ಅಪಾಚೆ ಬರುತ್ತಿದ್ದುದರಿಂದ, ನನ್ನ ನಿಯಮದಂತೆ ಬಿಳಿಯರಲ್ಲಿ ಅವನೊಬ್ಬನಿಗೇ ಕೊಚೀಸ್ ಜತೆ ಮನೆಮಾತು ಸಿಕ್ಕಿತು. ಸಂಧಾನದಲ್ಲಿ ಅಪಾಚೆಗಳಿಗೆ ಬಿಟ್ಟ ಮೀಸಲು ಪ್ರದೇಶಕ್ಕೆ ಅವನೇ ಸರ್ಕಾರಿ ಏಜೆಂಟ್ ಆಗಬೇಕೆಂದು ಕೊಚೀಸ್ ಹಟ ಹಿಡಿದದ್ದು ಆಮೇಲೆ ತಾನಾಗಿ ನಂಬುವಂತಾಯಿತು.

1874ರ ಜೂನ್‌ನಲ್ಲಿ ಕೊಚೀಸ್ ತೀರಿಕೊಂಡ. ಹೂತ ಜಾಗ ಗೊತ್ತಿದ್ದ ಜೆಫರ್ಡ್ಸ್ 1914ರಲ್ಲಿ ಸಾಯುವವರೆಗೂ ಬಾಯಿ ಬಿಡಲಿಲ್ಲ. ಕೊನೆಯ ಅಧ್ಯಾಯವನ್ನು ಕಣಿವೆಯ ಬಾಯಲ್ಲೇ ನಿಲ್ಲಿಸಿದ್ದೇನೆ. ಮರುಮುದ್ರಣದಲ್ಲಿ ಸಮಾಧಿಯ ದೃಶ್ಯ ಸೇರಿಸಿ ಎಂದು ಕೇಳಿದವರಿದ್ದಾರೆ, ಸೇರಿಸುವುದಿಲ್ಲ.