ಶೇಂಗಾ ಹೊಲದ ಮಡಕೆ ಚೂರುಗಳು

ಮೊದಲ ವರ್ಷ ನಾನು ಮಾಡಿದ್ದು ಶುದ್ಧ ದಡ್ಡತನ. ಮೊಳಕಾಲ್ಮೂರು ತಾಲ್ಲೂಕಿನ ನಮ್ಮೂರಿನ ಹಾಳೂರು ದಿಬ್ಬಕ್ಕೆ ಹೊಂದಿಕೊಂಡ ಶೇಂಗಾ ಹೊಲದಲ್ಲಿ ಕಣ್ಣಿಗೆ ಬಿದ್ದ ಮಡಕೆ ಚೂರುಗಳನ್ನೆಲ್ಲ ಗೊಬ್ಬರದ ಚೀಲಕ್ಕೆ ತುಂಬಿ ಮನೆಗೆ ತಂದೆ. ಜಗುಲಿಯ ಮೇಲೆ ಸುರಿದ ಮೇಲೆ ಯಾವುದು ಯಾವ ಮೂಲೆಯದೆಂದು ನನಗೇ ಗೊತ್ತಾಗಲಿಲ್ಲ. ಊರಿನವರಂತೂ ‘ಕೊಪ್ಪರಿಗೆ ಸಿಕ್ಕಿತೇ?’ ಎಂದು ಕೇಳುತ್ತಲೇ ಇದ್ದರು.

ಮರುವರ್ಷ ಮುಂಗಾರಿನ ಹದ ಮಳೆಗೆ ಉಳುಮೆಯಾಗಿ, ಇನ್ನೊಂದು ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಹೋದೆ. ಮಣ್ಣು ತೊಳೆದುಹೋಗಿ ಚೂರುಗಳು ತಾವಾಗಿಯೇ ಕಾಣುವ ಹೊತ್ತು ಅದು. ಗೂಟ ನೆಟ್ಟು, ಹುರಿ ಕಟ್ಟಿ, ಹೊಲವನ್ನು ಎಂಟು ಪಟ್ಟಿಗಳಾಗಿ ಮಾಡಿದೆ. ಪಕ್ಕದಲ್ಲಿ ಪೆನ್ನಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯುವುದು, ಪಟ್ಟಿಯ ಸಂಖ್ಯೆ ಬರೆದ ಪೊಟ್ಟಣಕ್ಕೆ ಹಾಕುವುದು, ಇಷ್ಟೇ ಕೆಲಸ. ನೆಲ ಮಾತ್ರ ಅಗೆಯಲಿಲ್ಲ. ಅದು ಅನುಮತಿ ಪಡೆದ ತಜ್ಞರ ಕೆಲಸ.

ಒಂದು ಚೂರನ್ನು ಹೊಲದ ಯಜಮಾನರಿಗೆ ತೋರಿಸಿದೆ. ಒಳಗೆಲ್ಲ ಕಪ್ಪು, ಹೊರಗೆ ಬಾಯಂಚಿನ ಸುತ್ತ ಕಪ್ಪು, ಕೆಳಗೆ ಇಟ್ಟಿಗೆ ಕೆಂಪು.

“ಒಲೆಯ ಮಸಿ, ಮೇಷ್ಟ್ರೇ.”

“ಮಸಿಯಾದರೆ ತಳ ಕಪ್ಪಾಗಬೇಕಿತ್ತಲ್ಲ?”

ಅವರು ಚೂರನ್ನು ತಿರುಗಿಸಿ ತಿರುಗಿಸಿ ನೋಡಿದರು. “ಹಾಗಾದರೆ ಬೋರಲು ಹಾಕಿ ಸುಟ್ಟಿದ್ದಾರೆ,” ಎಂದರು. ವಿದ್ವಾಂಸರು ಹೇಳುವುದೂ ಅದನ್ನೇ: ಬೋರಲಾಗಿಟ್ಟ ಮಡಕೆಯ ಬಾಯಿಗೂ ಒಳಮೈಗೂ ಗಾಳಿಯಾಡದೆ ಕಪ್ಪಾಗುತ್ತದೆ.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಕೆಳಗೆ ಕಲ್ಲುಕೊಡಲಿಯವರು, ಅವರ ಮೇಲೆ ಬೃಹತ್ ಶಿಲಾಸಮಾಧಿಯವರು, ಅದರ ಮೇಲೆ ಶಾತವಾಹನರ ಕಾಲ ಎಂದು ಪದರಗಳು ಒಂದರ ಮೇಲೊಂದು ಸಿಕ್ಕಿದ್ದವು. ನಮ್ಮ ಹೊಲದಲ್ಲಿ ರಂಟೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದುಬಿಟ್ಟಿದೆ. ಆದರೂ ಪೊಟ್ಟಣಗಳನ್ನು ಸಾಲಾಗಿ ಇಟ್ಟಾಗ ಕಪ್ಪು–ಕೆಂಪು ಚೂರುಗಳು ಶಿಲಾಸಮಾಧಿಯವರ ಕಲ್ಲುವೃತ್ತಗಳ ಕಡೆಯ ಪಟ್ಟಿಗಳಲ್ಲಿ, ಶಾತವಾಹನರ ಕಾಲದ, ಕೆಂಪು ಲೇಪದ ಮೇಲೆ ಬಿಳಿ ಗೆರೆ ಎಳೆದವು ದಿಬ್ಬದ ಬುಡದಲ್ಲಿ ಹೆಚ್ಚಾಗಿ ಕಂಡವು. ನುಣ್ಣಗೆ ಉಜ್ಜಿದ ಕಲ್ಲುಕೊಡಲಿ ಹಳ್ಳದ ದಂಡೆಯಲ್ಲಿ ಒಂದೇ ಒಂದು.

ಐದನೇ ಪಟ್ಟಿ ನನ್ನನ್ನು ಚೆನ್ನಾಗಿ ಏಮಾರಿಸಿತು. ಗಾಜಿನ ಬಳೆ ಚೂರು, ಆನೆಯ ಚಿತ್ರವಿದ್ದ ಮೈಸೂರಿನ ತಾಮ್ರದ ಕಾಸು. ಇಲ್ಲಿ ಪಾಳೆಯಗಾರರ ಕಾಲದ ನಂತರವೂ ಮನೆಗಳಿದ್ದವು ಎಂದು ಎರಡು ಪುಟ ಬರೆದೂಬಿಟ್ಟೆ. ಯಜಮಾನರು ನಕ್ಕರು: ಹಿಂದೊಮ್ಮೆ ಅಲ್ಲಿಗೆ ಹತ್ತು ಟ್ರ್ಯಾಕ್ಟರ್ ಕೆರೆ ಗೋಡು (ಹೂಳು ಮಣ್ಣು) ಹೊಡೆಸಿದ್ದರಂತೆ. ಆ ಎರಡು ಪುಟಗಳನ್ನು ಹರಿದೆ. ಕಾಸನ್ನು ಪೊಟ್ಟಣದ ಸಮೇತ ತಾಲ್ಲೂಕು ಕಚೇರಿಗೆ ಒಪ್ಪಿಸಿ ರಸೀದಿ ಪಡೆದೆ.

ಈ ಬೇಸಿಗೆಯಲ್ಲಿ ಅವರೇ ಫೋನ್ ಮಾಡಿದರು: “ಮೇಷ್ಟ್ರೇ, ಎರಡನೇ ಪಟ್ಟಿಗೆ ಗೋಡು ಹಾಕಿಸುತ್ತಿದ್ದೇನೆ, ಬರೆದುಕೊಳ್ಳಿ.”