ಎಚ್‌ಐವಿ ಇರುವ ತಾಯಿಯ ಕೂಸಿಗೆ ಪ್ರೋಬಯಾಟಿಕ್: ಯಾವಾಗ ಬೇಕು, ಹೇಗೆ ಕೊಡಬೇಕು

ಕೂಸಿಗೆ ಭೇದಿ ಎಂದು ಔಷಧಿ ಅಂಗಡಿಗೆ ಹೋಗುವ ಮುನ್ನ ಬಟ್ಟೆಯ ಮೇಲಿನ ಮಲವನ್ನೊಮ್ಮೆ ನೋಡಿ. ಸಾಸಿವೆ ಹಳದಿ, ನೀರುನೀರು, ನಡುನಡುವೆ ಒಡೆದ ಹಾಲಿನಂಥ ಬಿಳಿ ಚೂರು, ದಿನಕ್ಕೆ ಏಳೆಂಟು ಸಲ: ಬರೀ ಎದೆಹಾಲಿನ ಮಗುವಿಗೆ ಇದು ಭೇದಿಯಲ್ಲ. ಚೆನ್ನಾಗಿ ಚೀಪುತ್ತಾ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಪ್ರೋಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದೆಂದು ಕೊಡುವ ಜೀವಂತ ಸೂಕ್ಷ್ಮಜೀವಿಗಳ ಯಾವ ಹನಿಯೂ ಬೇಡ.

ಎಚ್‌ಐವಿ ಇರುವ ತಾಯಿಯ ಮಗುವಿಗೆ ಕರುಳಿನ ಒಳಪೊರೆಯೇ ವೈರಸ್ಸಿನೆದುರಿನ ಬೇಲಿ. ಎದೆಹಾಲಿನಲ್ಲಿ ಮಗುವಿಗೂ ಜೀರ್ಣವಾಗದ ಒಂದು ಬಗೆಯ ಸಕ್ಕರೆಗಳಿವೆ. ಆ ಬೇಲಿ ಕಾಯುವ ಬಿಫಿಡೋಬ್ಯಾಕ್ಟೀರಿಯಂ ಎಂಬ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಅವೇ ಊಟ. ಹಾಗಾಗಿ ತಾಯಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ಮೊದಲ 6 ತಿಂಗಳು ಬರೀ ಎದೆಹಾಲು ಕೊಡಬೇಕು. ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ, ಗ್ರೈಪ್ ವಾಟರ್, ನಡುವೆ ಒಂದು ಒಳಲೆ ಹಸುವಿನ ಹಾಲು ಇವೆಲ್ಲ ಎಳೆಯ ಕರುಳನ್ನು ಕೆರಳಿಸುತ್ತವೆ, ಎದೆಹಾಲಿನ ಜೊತೆ ಸೇರಿದರೆ ಎಚ್‌ಐವಿ ಸೋಂಕಿನ ಅಪಾಯ ಹೆಚ್ಚುತ್ತದೆ. ಅಜ್ಜಿಯರಿಗೆ ಇದನ್ನು ಪ್ರೀತಿಯಿಂದಲೇ, ಆದರೆ ಖಡಾಖಂಡಿತವಾಗಿ ಹೇಳಿ. ಡಬ್ಬಿ ಹಾಲಿಗೂ ಅದರದೇ ಅಪಾಯವಿದೆ: 2006ರಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಭಾರೀ ಮಳೆಯ ನಂತರ ಭೇದಿ ಹರಡಿದಾಗ ಆಸ್ಪತ್ರೆ ಸೇರಿದ ಕೂಸುಗಳಲ್ಲಿ ಬಹುಪಾಲು ಎದೆಹಾಲು ಸಿಗದವು.

ಪ್ರೋಬಯಾಟಿಕ್ ಎಚ್‌ಐವಿ ತಡೆಯುವುದಿಲ್ಲ. ಮಗುವಿಗೆ ಎಚ್‌ಐವಿ ತಗಲದಿರಲಿ ಎಂದು ಕೊಡುವ ನೆವಿರಪಿನ್ ಸಿರಪ್ಪನ್ನೂ, ಬೇರೆ ಸೋಂಕು ತಡೆಯಲು 6 ವಾರದಿಂದ ಶುರುವಾಗುವ ಕೋಟ್ರೈಮಾಕ್ಸಜೋಲನ್ನೂ ಅದಕ್ಕಾಗಿ ನಿಲ್ಲಿಸಬೇಡಿ.

ಮಕ್ಕಳ ವೈದ್ಯರು ಬರೆದುಕೊಟ್ಟರೆ ಕೊಡುವ ಕ್ರಮ ಇದು. ಬ್ಯಾಸಿಲಸ್ ಕ್ಲಾಸಿ ಎಂಬ ಪ್ರೋಬಯಾಟಿಕ್‌ನ 5 ಮಿಲಿ ಬಾಟಲಿಯಲ್ಲಿ ಬೆಳ್ಳಗಿನ ಕಣ ಕಾಣಬಹುದು; ಕೆಟ್ಟಿದೆ ಎಂದಲ್ಲ, ಚೆನ್ನಾಗಿ ಕುಲುಕಿ. ಹನಿಯನ್ನು ಒಣ ಚಮಚಕ್ಕೆ ಹಾಕಿ, ಹಿಂಡಿದ ಎದೆಹಾಲಿನಲ್ಲಿ ಬೆರೆಸಿ ಕೂಡಲೇ ಕುಡಿಸಿ. ನೀರು ಬೇಡ. ಬಿಸಿ ಹಾಲು ಬೇಡವೇ ಬೇಡ, ಲ್ಯಾಕ್ಟೋಬ್ಯಾಸಿಲಸ್‌ನಂಥ ಸೂಕ್ಷ್ಮಜೀವಿಗಳು ಬಿಸಿಗೆ ಸಾಯುತ್ತವೆ. ಡ್ರಾಪರ್ ಮಗುವಿನ ಬಾಯಿಗೆ ತಾಗಬಾರದು. ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೆ 2 ಗಂಟೆ ಅಂತರ ಇರಲಿ. ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಪ್ರೋಬಯಾಟಿಕ್ ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ. ಬಾಯಲ್ಲಿ ಬಿಳಿ ಪದರ ಕಟ್ಟಿದ್ದಕ್ಕೆ ಕೊಡುವ ಶಿಲೀಂಧ್ರದ ಔಷಧಿ ಇದನ್ನೂ ಕೊಲ್ಲುತ್ತದೆ, ಎರಡೂ ಒಟ್ಟಿಗೆ ವ್ಯರ್ಥ.

ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ, ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿರುವ ಅಥವಾ ಎಚ್‌ಐವಿ ಸೋಂಕು ದೃಢಪಟ್ಟ ಮಗುವಿಗೆ ನೀವಾಗಿಯೇ ಕೊಡಲೇಬೇಡಿ. ಜೀವಂತ ಸೂಕ್ಷ್ಮಜೀವಿ ರಕ್ತಕ್ಕೆ ಸೇರಬಹುದು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ದಿನ ತುಂಬದ ಕೂಸುಗಳ ಬಗ್ಗೆ ಇದೇ ಎಚ್ಚರಿಕೆ ಕೊಟ್ಟಿತು.

ನಿಜವಾದ ಭೇದಿಗೆ ಮೊದಲ ಮದ್ದು ಎದೆಹಾಲು, ಓಆರ್‌ಎಸ್, ಜಿಂಕ್. 2ರಿಂದ 6 ತಿಂಗಳ ಮಗುವಿಗೆ 20 ಮಿಲಿಗ್ರಾಂ ಜಿಂಕ್ ಮಾತ್ರೆಯಲ್ಲಿ ಅರ್ಧ, ಒಂದು ಚಮಚ ಎದೆಹಾಲಿನಲ್ಲಿ ಕರಗಿಸಿ, 14 ದಿನ. ಭೇದಿ ನಿಂತರೂ ಪೂರ್ತಿ ಮಾಡಿ. ಮಲದಲ್ಲಿ ರಕ್ತ, ಜ್ವರ, ಗುಳಿಬಿದ್ದ ಕಣ್ಣು, ಹಾಲು ಚೀಪದ ಸುಸ್ತು ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೊರಡಿ. ಮಗುವಿನ ಔಷಧಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ.