ರಾಗಿ, ಹುರುಳಿ ಮತ್ತು ನನ್ನ ಶುಗರ್: ಕರುಳಿನಿಂದ ಕಲಿತದ್ದು

ಎರಡು ವರ್ಷದ ಹಿಂದೆ ನನ್ನ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 7.6 ಬಂತು. ಡಾಕ್ಟರು ಮೆಟ್‌ಫಾರ್ಮಿನ್ ಬರೆದರು. ಮೊದಲ ವಾರವೆಲ್ಲ ಹೊಟ್ಟೆ ಗುಡುಗುಡು, ಎರಡು ದಿನ ಭೇದಿ. ಯಾಕೆ ಹೀಗೆ ಅಂತ ಹುಡುಕುತ್ತಾ ಹೋದಾಗಲೇ ಗೊತ್ತಾಗಿದ್ದು, ಈ ಮಾತ್ರೆ ಕರುಳಿನ ಬ್ಯಾಕ್ಟೀರಿಯಾಗಳನ್ನೂ ಬದಲಾಯಿಸುತ್ತದೆ ಅಂತ. 2012ರಲ್ಲಿ ಚೀನಾದ ಸಂಶೋಧಕರು 345 ಜನರನ್ನು ನೋಡಿ, ಶುಗರ್ ಇರುವವರ ಕರುಳಿನಲ್ಲಿ ಬ್ಯುಟಿರೇಟ್ (ಕರುಳಿಗೆ ಬೇಕಾದ ಒಂದು ಕೊಬ್ಬಿನಾಮ್ಲ) ತಯಾರಿಸುವ ಬ್ಯಾಕ್ಟೀರಿಯಾ ಕಮ್ಮಿ ಅಂದಿದ್ದರು. ಕಾಯಿಲೆಯದ್ದು ಅಂದುಕೊಂಡಿದ್ದ ಬದಲಾವಣೆಗಳಲ್ಲಿ ಒಂದಷ್ಟು ಮೆಟ್‌ಫಾರ್ಮಿನ್‌ನದು ಅಂತ 2015ರಲ್ಲಿ ಇನ್ನೊಂದು ತಂಡ ತೋರಿಸಿತು. ಆದರೆ ಈ ಮಾತ್ರೆ ತಗೊಳ್ಳದ ಶುಗರ್ ರೋಗಿಗಳಲ್ಲೂ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾ ಕಮ್ಮಿ ಇದ್ದೇ ಇತ್ತು.

ಇಷ್ಟು ಓದಿದ್ದೇ ತಡ, ಹೊತ್ತಿಗೆ ಎರಡು ಬಟ್ಟಲು ಮೊಸರು ಶುರು ಮಾಡಿದೆ. ಮೊಸರು ಒಳ್ಳೆಯದೇ, ಆದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಬಹುಪಾಲು ಬಂದು ಹೋಗುವ ನೆಂಟರು. ಮನೆಯಲ್ಲೇ ಇರುವವರಿಗೆ ಬೇಕಾದದ್ದು ನಾರು, ನಾವು ಅರಗಿಸಿಕೊಳ್ಳಲಾಗದೆ ದೊಡ್ಡ ಕರುಳಿನವರೆಗೆ ಹೋಗುವಂಥದ್ದು. ಅದನ್ನು ಅವು ಹುಳಿಸಿದಾಗ ಬ್ಯುಟಿರೇಟ್ ಹುಟ್ಟುತ್ತದೆ, ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಅದೇ ಮುಖ್ಯ ಊಟ. ಸರಿ, ಒಂದೇ ದಿನ ದೊಡ್ಡ ಬಟ್ಟಲು ಹುರುಳಿಕಾಳು ತಿಂದೆ. ಹುಳಿಸುವಾಗ ಗ್ಯಾಸೂ ಹುಟ್ಟುತ್ತದೆ ಅಂತ ಮಾರನೇ ದಿನ ಆಫೀಸ್ ಮೀಟಿಂಗಲ್ಲಿ ತಿಳಿಯಿತು, ನನಗೊಬ್ಬನಿಗೇ ಅಲ್ಲ.

ಆಮೇಲೆ ದಿನಕ್ಕೆ ಅರ್ಧ ಸೌಟು, ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಜಾಸ್ತಿ. ಎರಡು ತಿಂಗಳಲ್ಲಿ ಹೊಟ್ಟೆ ಒಗ್ಗಿಕೊಂಡಿತು.

ಅಸಲಿ ಜಗಳ ಅಂಬಲಿಯದ್ದು. "ಹಿಟ್ಟು ತಿಂದೋನು ಬೆಟ್ಟ ಕಿತ್ತಿಡ್ತಾನೆ ಅಂತಾರೆ, ರಾಗಿ ಕುಡಿದೋನಿಗೆ ಎಂಥಾ ಶುಗರೋ" ಅಂತ ಅಮ್ಮ ಬೆಳಿಗ್ಗೆ ದೊಡ್ಡ ಲೋಟ ಕೊಡುತ್ತಿದ್ದಳು. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿದರೆ 212! ಅದೇ ಹಿಟ್ಟಿನ ಸಣ್ಣ ಮುದ್ದೆ, ಆದರೆ ಮೊದಲು ಬಸ್ಸಾರಿನ ಕಾಳು-ಸೊಪ್ಪಿನ ಪಲ್ಯವನ್ನೆಲ್ಲ ಖಾಲಿ ಮಾಡಿ ಆಮೇಲೆ ಮುದ್ದೆ ಮುರಿದರೆ 160ರ ಆಸುಪಾಸು. ಹೆಂಡತಿಯನ್ನು ಪುಸಲಾಯಿಸಿ ಅವಳ ಬೆರಳನ್ನೂ ಚುಚ್ಚಿದೆ, ಅದೇ ಅಂಬಲಿಗೆ ಅವಳದು 118. ಅವಳಿಗೆ ಶುಗರ್ ಇಲ್ಲ, ಹಾಗಾಗಿ ಅದು ದೊಡ್ಡ ವಿಷಯವಲ್ಲ ಬಿಡಿ. ಆದರೆ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2015ರಲ್ಲಿ ಶುಗರ್ ಇಲ್ಲದ 800 ಜನರಲ್ಲೇ, ಒಂದೇ ತಿಂಡಿಗೆ ಒಬ್ಬೊಬ್ಬರ ಸಕ್ಕರೆ ಒಂದೊಂದು ರೀತಿ ಏರುವುದನ್ನು ಕಂಡರು. ಯಾರಿಗೆ ಎಷ್ಟು ಏರುತ್ತದೆ ಅಂತ ಊಹಿಸಲು ಅವರು ಕರುಳಿನ ಬ್ಯಾಕ್ಟೀರಿಯಾ ಮಾಹಿತಿಯನ್ನೂ ಬಳಸಿದರು.

ಅದನ್ನೋದಿ ನಾನೂ ಒಂದು ಲ್ಯಾಬಿಗೆ ಸಾವಿರಗಟ್ಟಲೆ ಕೊಟ್ಟು ಮಲ ಪರೀಕ್ಷೆ ಮಾಡಿಸಿದೆ. ಬಣ್ಣಬಣ್ಣದ ನಲವತ್ತು ಪುಟ. ಡಾಕ್ಟರು ಎರಡು ಪುಟ ಮಗುಚಿ, "ಇದನ್ನಿಟ್ಕೊಂಡು ನಾನೇನ್ ಮಾಡ್ಲಿ ಹೇಳಿ" ಅಂದರು. ದುಡ್ಡು ದಂಡ.

ಎಂಟು ತಿಂಗಳಿಗೆ ಎಚ್‌ಬಿಎ1ಸಿ 6.6ಕ್ಕೆ ಇಳಿಯಿತು. ಇದರಲ್ಲಿ ಬ್ಯಾಕ್ಟೀರಿಯಾ ಪಾಲೆಷ್ಟು? ಅನ್ನ ಅರ್ಧ ಮಾಡಿದ್ದೆ, ಸಂಜೆ ನಲವತ್ತು ನಿಮಿಷ ನಡೆಯುತ್ತಿದ್ದೆ, ಮಾತ್ರೆ ಒಂದು ದಿನವೂ ಬಿಟ್ಟಿಲ್ಲ. ಬೇರೆ ಬೇರೆ ಮಾಡಿ ಲೆಕ್ಕ ಹೇಳಲು ಬರುವುದಿಲ್ಲ. ಅಮ್ಮ ಈಗಲೂ ಅಂಬಲಿ ತಂದಿಡುತ್ತಾಳೆ, ಹುರುಳಿ ಉಸ್ಲಿ ತಿಂದಾದ ಮೇಲೆ ಅರ್ಧ ಲೋಟ ಕುಡಿಯುತ್ತೇನೆ.